ಕೈಯಲ್ಲಿದ್ದದ್ದು, ತನ್ನದಾದದ್ದು

ಕೊಳ್ಳೇಗಾಲದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಅಷ್ಟು ವರ್ಷವೂ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುತ್ತಿದ್ದ ಒಂದು ಪ್ರಶ್ನೆ ಇತ್ತು. ಕೆಳಗಿನ ಜೋಡಿಪದಗಳ ಅರ್ಥವ್ಯತ್ಯಾಸವನ್ನು ತಿಳಿಸಿರಿ, ಎರಡು ಅಂಕ. ಹುಡುಗಿಯರಿಗೆ ಅದೊಂದು ದೊಡ್ಡ ತಲೆನೋವು. ನಾನು ಅಡುಗೆಮನೆಯಿಂದಲೇ ಉದಾಹರಣೆ ಹುಡುಕುತ್ತಿದ್ದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು 'ಬಾರೋ', ಪಕ್ಕದ ಮನೆಗೆ ಕೊಟ್ಟರೆ 'ಲೆಂಡ್'. 'ಫ್ಯೂ' ಎಂದರೆ ಇಲ್ಲ ಎನ್ನಬೇಕಾದಷ್ಟು ಕಡಿಮೆ, 'ಎ ಫ್ಯೂ' ಎಂದರೆ ಕೆಲವಾದರೂ ಇವೆ ಎನ್ನುವ ಧೈರ್ಯ. ಡಬ್ಬದಲ್ಲಿ ಉಳಿದ ಅವೇ ನಾಲ್ಕು ಚಕ್ಕುಲಿ, ಮಕ್ಕಳು ಕೇಳಿದರೆ ಫ್ಯೂ, ನೆಂಟರು ಬಂದರೆ ಎ ಫ್ಯೂ. ಹುಡುಗಿಯರು ನಗುತ್ತಿದ್ದರು, ಎರಡು ಅಂಕ ಗಿಟ್ಟಿಸಿಕೊಳ್ಳುತ್ತಿದ್ದರು.

ಈ ಜೋಡಿಗಳಿಗೆ ಎರಡು ಅಂಕಕ್ಕಿಂತ ಹೆಚ್ಚಿನ ಬೆಲೆ ಉಂಟು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿಸಿದ್ದು ನಿಘಂಟಲ್ಲ, ನನ್ನ ಅಜ್ಜಿಯ ಇಬ್ಬರು ತಂಗಿಯರ ಬದುಕು.

ಅವರ ಕಥೆ ಹೇಳುವ ಮೊದಲು ನಮ್ಮ ಸೀಮೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹನೂರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದು ಈಚಿನ ವರ್ಷಗಳಲ್ಲಿ ಬೇರೆಯಾಯಿತು. ಆದರೆ 1956ಕ್ಕೆ ಮೊದಲು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಒಂದು ರಾಜ್ಯದ ಗಡಿ ಇತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯವರ ಪಾಲಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿಹೋಯಿತು. ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಎರಡು ಊರಿಗೂ ನಡುವೆ ಹೆಚ್ಚೆಂದರೆ ಹತ್ತು ಮೈಲಿ. ಎರಡು ಕಡೆಯೂ ಅದೇ ಕನ್ನಡ, ಅದೇ ರಾಗಿಮುದ್ದೆ. ಬಿಳಿಗಿರಿರಂಗನೂ ಮಾದೇಶ್ವರನೂ ಎರಡು ಕಡೆಯವರಿಗೂ ದೇವರೇ. ಹೆಣ್ಣು ಕೊಡುವುದು ತರುವುದು ಕೂಡ ಗಡಿ ನೋಡಿ ನಡೆಯುತ್ತಿರಲಿಲ್ಲ. ಆದರೆ ನಮ್ಮ ಕಡೆಯವರಿಗೆ ಜಿಲ್ಲಾಕಚೇರಿಯ ಕೆಲಸ ಬಿದ್ದರೆ ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋಗಬೇಕು. ಅವರಿಗೋ ಮೈಸೂರು.

ಜಿಲ್ಲೆಯ ಸಾಹೇಬರ ಹೆಸರೂ ಬೇರೆ ಬೇರೆ. ನಮ್ಮ ಕಡೆ ಅವರು 'ಕಲೆಕ್ಟರ್'. ಯಳಂದೂರಿನ ಕಡೆ 'ಡೆಪ್ಯುಟಿ ಕಮಿಷನರ್'. ಕೆಲಸ ಹೆಚ್ಚುಕಡಿಮೆ ಒಂದೇ, ಮಾತು ಹುಟ್ಟಿದ ಬಗೆ ಬೇರೆ. ಕಂಪನಿಗೆ ಬೇಕಾದದ್ದು ಕಂದಾಯ, ಅದನ್ನು ಕೂಡಿಸುವವನೇ ಕಲೆಕ್ಟರ್. ಮೈಸೂರಿನಲ್ಲಿ 1831ರಿಂದ ಐವತ್ತು ವರ್ಷ ರಾಜರ ಹೆಸರಿನಲ್ಲಿ ಬ್ರಿಟಿಷ್ ಕಮಿಷನರುಗಳು ಆಡಳಿತ ನಡೆಸಿದರು. ಕಮಿಷನ್ ಎಂದರೆ ಒಪ್ಪಿಸಿಕೊಟ್ಟ ಜವಾಬ್ದಾರಿ. ಅವರ ಕೈಕೆಳಗಿನವರು ಡೆಪ್ಯುಟಿ ಕಮಿಷನರ್. ತಾಲ್ಲೂಕಿಗೆ ಇಳಿದರೂ ಇದೇ ತಮಾಷೆ. ಮದರಾಸಿನವರಿಗೆ ತಹಸೀಲ್ದಾರ, ಮೈಸೂರಿನವರಿಗೆ ಅಮಲ್ದಾರ. ತಹಸೀಲು ಎಂದರೆ ವಸೂಲಿ, ಅಮಲು ಎಂದರೆ ಆಡಳಿತ. ನಮ್ಮಜ್ಜ ತಾವು ಬದುಕಿರುವತನಕ 'ಕಲೆಕ್ಟ್ರು' ಎಂದೇ ಹೇಳುತ್ತಿದ್ದರು. 'ಅವ್ರು ವಸೂಲು ಮಾಡೋರೇ ಕನಪ್ಪ, ಹೆಸ್ರಲ್ಲಾದ್ರೂ ಸುಳ್ಳಿಲ್ಲ' ಎನ್ನುತ್ತಿದ್ದರು.

ಹೀಗೆ ಮಾತಿನಲ್ಲಿ ಮಾತ್ರ ವ್ಯತ್ಯಾಸವಿದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಗಡಿಯ ಎರಡು ಕಡೆಯೂ ಕಾಯಿದೆ ಬೇರೆ. ಕಾಯಿದೆಯೊಳಗೆ ಹೆಂಗಸರನ್ನು ಕುರಿತ ಮಾತೂ ಬೇರೆ.

ಅಜ್ಜಿಯ ಇಬ್ಬರು ತಂಗಿಯರಲ್ಲಿ ಒಬ್ಬರನ್ನು ಯಳಂದೂರಿನ ಹತ್ತಿರದ ಹಳ್ಳಿಗೂ ಇನ್ನೊಬ್ಬರನ್ನು ಹನೂರಿನ ಹತ್ತಿರದ ಹಳ್ಳಿಗೂ ಕೊಟ್ಟಿದ್ದರು. ನಾವು ಮಕ್ಕಳು ಅವರನ್ನು ಯಳಂದೂರಜ್ಜಿ, ಹನೂರಜ್ಜಿ ಎಂದು ಕರೆಯುತ್ತಿದ್ದೆವು. ಇಬ್ಬರಿಗೂ ಮಕ್ಕಳಾಗಲಿಲ್ಲ. ಇಬ್ಬರೂ ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡರು. ಹನೂರಜ್ಜಿಯ ಗಂಡ ಹೋದದ್ದು 1936ರ ದೀಪಾವಳಿಯ ಆಸುಪಾಸಿನಲ್ಲಿ. ಯಳಂದೂರಜ್ಜಿಯ ಗಂಡ ಅದಾದ ಎರಡು ವರ್ಷಕ್ಕೆ. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರ ಜೊತೆ ಒಟ್ಟು ಕುಟುಂಬದಲ್ಲಿ ಇದ್ದವರು. ಇಷ್ಟರಮಟ್ಟಿಗೆ ಇಬ್ಬರ ಹಣೆಬರಹವೂ ಒಂದೇ.

ಮುಂದೆ ಕವಲಾಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ಬಂದಿತ್ತು. ಒಟ್ಟು ಕುಟುಂಬ ಪಾಲಾಗುವಾಗ ಗಂಡು ಸಂತಾನವಿಲ್ಲದೆ ತೀರಿಹೋದ ಸಹೋದರನ ವಿಧವೆಗೂ ಪಾಲು ಕೊಡಬೇಕು ಎಂದು ಅದು ಹೇಳಿತು. ಎಷ್ಟು? ಅವಳ ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರ ಅರ್ಧ. ತಾಯಿಗೆ ಮಗನ ಪಾಲಿನ ಅರ್ಧ. ಮದುವೆಯಾಗದ ಹೆಣ್ಣುಮಗಳಿಗೆ ಅಣ್ಣನ ಪಾಲಿನ ಕಾಲುಭಾಗ. ಅರ್ಧ, ಕಾಲು ಎಂದು ಇಂದು ನಾವು ಮೂಗು ಮುರಿಯಬಹುದು. ಆದರೆ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಮುನ್ನೂರು ವರ್ಷಗಳ ಹಿಂದೆಯೇ ಹೆಣ್ಣು ಗಂಡೆಂಬ ಭೇದವೇಕೆ ಎಂದು ಕಾವ್ಯದಲ್ಲಿ ಕೇಳಿದ ಸಂಚಿ ಹೊನ್ನಮ್ಮ ಯಳಂದೂರಿನವಳೇ ಅಲ್ಲವೆ? ಅವಳ ಊರಿಗೆ ಉತ್ತರ ಇಷ್ಟು ನಿಧಾನವಾಗಿ, ಇಷ್ಟು ಅಳತೆಯಲ್ಲಿ ಬಂದು ತಲುಪಿತು.

ಯಳಂದೂರಜ್ಜಿಯ ಮೈದುನರು ಪಾಲಾದಾಗ ಈ ಕಾಯಿದೆ ಅವರ ಕೈಹಿಡಿಯಿತು. ಸುವರ್ಣಾವತಿಯ ಬಯಲಿನಲ್ಲಿ ಒಂದು ತುಂಡು ಗದ್ದೆ, ಮನೆಯಲ್ಲಿ ಒಂದು ಅಂಕಣ. ಪಾಲುಪಟ್ಟಿಯಲ್ಲಿ ಅವರ ಹೆಸರಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಕಾಗದವನ್ನು ಆಗಾಗ ಬಿಚ್ಚಿ, ತಮ್ಮ ಹೆಸರಿದ್ದ ಕಡೆ ಬೆರಳಿಟ್ಟು ನನ್ನಿಂದ ಓದಿಸುತ್ತಿದ್ದರು.

ಹನೂರಜ್ಜಿಯ ಕಡೆ ಮದರಾಸು ಸರ್ಕಾರ. ಅಲ್ಲಿ ಅಂಥ ಕಾಯಿದೆ ಇರಲಿಲ್ಲ. ಹಳೆಯ ಶಾಸ್ತ್ರದ ಪ್ರಕಾರ ಒಟ್ಟು ಕುಟುಂಬದಲ್ಲಿದ್ದವನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಹಿಸ್ಸೆ ಉಳಿದ ಗಂಡಸರಿಗೆ ಸೇರಿಹೋಗುತ್ತದೆ. ಹೆಂಡತಿಗೆ ಉಳಿಯುವುದು ಅನ್ನಬಟ್ಟೆ. ಇಂಗ್ಲಿಷಿನಲ್ಲಿ ಅದಕ್ಕೆ 'ಮೇಂಟೆನೆನ್ಸ್' ಎನ್ನುತ್ತಾರೆ. ಅಕ್ಕನಿಗೆ ಬಂದದ್ದು 'ಶೇರ್', ತಂಗಿಗೆ ಬಂದದ್ದು 'ಮೇಂಟೆನೆನ್ಸ್'. ಪಾಲು ಮತ್ತು ಜೀವನಾಂಶ. ಅಂಶ ಎಂಬ ಮಾತು ಎರಡನೆಯದರಲ್ಲೂ ಇದೆ, ಆದರೆ ಮೋಸ ಹೋಗಬೇಡಿ. ಪಾಲು ಅಳೆದು ಕೊಡುವಂಥದು, ಜೀವನಾಂಶ ನೋಡಿ ಕೊಡುವಂಥದು.

ಕಾಲವೂ ಅವರಿಗೆ ಸ್ವಲ್ಪದರಲ್ಲಿ ಕೈಕೊಟ್ಟಿತು. ಮುಂಬಯಿಯ ವೈದ್ಯ ಡಾ. ಜಿ. ವಿ. ದೇಶಮುಖರು ದೆಹಲಿಯ ಶಾಸನಸಭೆಯಲ್ಲಿ ಮಂಡಿಸಿದ ವಿಧೇಯಕ ಕಾಯಿದೆಯಾಗಿ 1937ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಜಾರಿಗೆ ಬಂತು. ವಿಧವೆಗೆ ಗಂಡನ ಹಿಸ್ಸೆಯನ್ನು ಅದು ಕೊಟ್ಟಿತು. ಆದರೆ ಅದಕ್ಕೆ ಮೊದಲು ಸತ್ತವರ ಹೆಂಡಂದಿರಿಗೆ ಅದು ಅನ್ವಯಿಸಲಿಲ್ಲ. ಹನೂರಜ್ಜಿಯ ಗಂಡ ಐದಾರು ತಿಂಗಳು ಮುಂಚೆ ಸತ್ತಿದ್ದರು. ಇನ್ನೂ ಒಂದು ಮಾತಿದೆ. ಪ್ರಾಂತಗಳ ವ್ಯವಸಾಯದ ಜಮೀನಿಗೆ ಈ ಕಾಯಿದೆ ಸಲ್ಲದು ಎಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮದರಾಸು ಸರ್ಕಾರ ತನ್ನ ಕಾಯಿದೆ ಮಾಡಿ ಹೊಲಗದ್ದೆಗೂ ಅದನ್ನು ವಿಸ್ತರಿಸಿದ್ದು 1947ರಲ್ಲಿ. ಕೊಳ್ಳೇಗಾಲದಂಥ ಸೀಮೆಯಲ್ಲಿ ಹೊಲ ಬಿಟ್ಟರೆ ಆಸ್ತಿ ಇನ್ನೇನಿತ್ತು ಹೇಳಿ?

ಹಳ್ಳಿಯ ಹಿರಿಯರು ಕೂತು ಹನೂರಜ್ಜಿಗೆ ಎರಡು ಎಕರೆ ಖುಷ್ಕಿ ಹೊಲವನ್ನು ಜೀವನಾಂಶಕ್ಕೆಂದು ಬಿಡಿಸಿಕೊಟ್ಟರು. ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುವ ಹೊಲ. ಬದುವಿನ ಮೇಲೆ ಒಂದು ಹುಣಿಸೆಮರ. ಬದುಕಿರುವತನಕ ಉಂಡುಕೊಂಡಿರುವುದು, ಮಾರುವಂತಿಲ್ಲ, ಯಾರಿಗೂ ಬರೆದುಕೊಡುವಂತಿಲ್ಲ, ಅನಂತರ ಹೊಲ ಮೈದುನರ ಮಕ್ಕಳಿಗೆ. ಅವರೇನೂ ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ತಂದುಕೊಡುತ್ತಿದ್ದರು, ಕಾಯಿಲೆಯಾದರೆ ನೋಡಿಕೊಳ್ಳುತ್ತಿದ್ದರು. ಆದರೆ ಆ ಹುಣಿಸೆಮರದ ಒಂದು ಒಣಕೊಂಬೆ ಕಡಿಸಬೇಕಾದರೂ ಅಜ್ಜಿ ಅವರ ಮನೆಗೆ ಹೇಳಿಕಳಿಸುತ್ತಿದ್ದರು. ರಜೆಗೆ ಹೋಗಿದ್ದಾಗ ನಾನು ಒಮ್ಮೆ ಕೇಳಿದೆ, 'ನಿಮ್ಮ ಮರ ಅಲ್ವಾ ಅಜ್ಜಿ?' 'ಕಾಯಿ ನಂದು, ಮರ ಅವ್ರದು ಕನ ಮಗ. ನಾನು ಇರೂಗಂಟ ಅಷ್ಟೆ' ಎಂದರು. ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಬೆಳಗಾದರೆ ಸೂರ್ಯ ಬರುತ್ತಾನೆ ಎನ್ನುವಷ್ಟೇ ಸಹಜವಾಗಿ ಹೇಳಿದರು.

ಅವರು ತೀರಿಕೊಂಡದ್ದು 1971ರಲ್ಲಿ. ಹೊಲ ಮೈದುನರ ಮಕ್ಕಳಿಗೆ ಹೋಯಿತು. ಹೋಗಬೇಕಾದ ಕಡೆಗೇ ಹೋಯಿತು ಎಂದು ನಾವೆಲ್ಲ ಅಂದುಕೊಂಡೆವು.

ಇದಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ, 1996ರಲ್ಲಿ ಒಂದು ಶನಿವಾರ ಮಧ್ಯಾಹ್ನ ನಮ್ಮ ಶಾಲೆಯಲ್ಲಿ ಮಹಿಳೆಯರಿಗಾಗಿ ಕಾನೂನು ತಿಳಿವಳಿಕೆಯ ಶಿಬಿರ ನಡೆಯಿತು. ಬೆಳಗಿನ ತರಗತಿಯಲ್ಲಿ ನಾನು ಬರೆದ 'ಬಾರೋ–ಲೆಂಡ್' ಕರಿಹಲಗೆಯ ಮೇಲೆ ಹಾಗೆಯೇ ಉಳಿದಿತ್ತು. ಬಂದಿದ್ದ ವಕೀಲೆ ಅದರ ಕೆಳಗೆ ಇನ್ನೊಂದು ಜೋಡಿ ಬರೆದರು. 'ಲಿಮಿಟೆಡ್ ಓನರ್–ಫುಲ್ ಓನರ್'. ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹಿಂದೆ ವಿಧವೆಯ ಕೈಗೆ ಬಂದ ಆಸ್ತಿಗೆ ಅವಳು ಸೀಮಿತ ಒಡತಿ. ಹುಟ್ಟುವಳಿ ಉಣ್ಣಬಹುದು. ಕೋರ್ಟು ಒಪ್ಪುವಂಥ ತೀರಾ ಅಗತ್ಯವಿಲ್ಲದೆ ಮಾರುವಂತಿಲ್ಲ. ಅವಳು ಸತ್ತರೆ ಆಸ್ತಿ ಅವಳ ವಾರಸುದಾರರಿಗಲ್ಲ, ಗಂಡನ ಕಡೆಯವರಿಗೆ ಹಿಂತಿರುಗುತ್ತದೆ. ದೇಶಮುಖರ ಕಾಯಿದೆ ಕೊಟ್ಟದ್ದೂ ಇಷ್ಟನ್ನೇ. ಆದರೆ 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ ಹದಿನಾಲ್ಕನೆಯ ಸೆಕ್ಷನ್ ಆ 'ಲಿಮಿಟೆಡ್' ಎಂಬ ಮಾತನ್ನು ಅಳಿಸಿಹಾಕಿತು. ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿ, ಆ ದಿನಕ್ಕೆ ಮೊದಲು ಬಂದಿರಲಿ, ಅನಂತರ ಬಂದಿರಲಿ, ಇನ್ನು ಮೇಲೆ ಪೂರ್ತಿ ಅವಳದೇ. ಜೀವನಾಂಶಕ್ಕೆ ಬದಲಾಗಿ ಬಂದದ್ದೂ ಅದರಲ್ಲಿ ಸೇರಿತು.

ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಎದ್ದು ನಿಂತು ಕೇಳಿದೆ, 'ಬದುಕಿರುವತನಕ ಮಾತ್ರ ಎಂದು ಕರಾರಿದ್ದರೆ?' ವಕೀಲೆ ಹೇಳಿದರು, 'ಆ ವಿಷಯಕ್ಕೆ ಬಹಳ ಜಗಳ ನಡೆದಿತ್ತಮ್ಮ. 1977ರಲ್ಲಿ ತುಳಸಮ್ಮ ಎಂಬ ವಿಧವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿತು. ಜೀವನಾಂಶ ಅವಳಿಗೆ ಮೊದಲೇ ಇದ್ದ ಹಕ್ಕು. ಆ ಹಕ್ಕಿಗಾಗಿ ಬಿಟ್ಟುಕೊಟ್ಟ ಆಸ್ತಿ ಕರಾರಿನಲ್ಲಿ ಏನೇ ಬರೆದಿದ್ದರೂ ಪೂರ್ತಿ ಅವಳದೇ.'

ನಾನು ಕೂತುಕೊಂಡೆ. ಹಾಗಾದರೆ 1956ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹನೂರಜ್ಜಿ ಎದ್ದಾಗ ಆ ಎರಡು ಎಕರೆ ಅವರದಾಗಿತ್ತು. ಹುಣಿಸೆಮರ ಬೇರುಸಹಿತ ಅವರದಾಗಿತ್ತು. ಆಗ ಕೊಳ್ಳೇಗಾಲ ಇನ್ನೂ ಮದರಾಸಿನಲ್ಲೇ ಇತ್ತು. ಮೈಸೂರಿಗೆ ಸೇರಿದ್ದು ನಾಲ್ಕೂವರೆ ತಿಂಗಳಾದ ಮೇಲೆ, ನವೆಂಬರ್ 1ಕ್ಕೆ. ರಾಜ್ಯ ಸೇರಿದ ಸುದ್ದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಹೊಲ ಅಜ್ಜಿಯದಾದ ಸುದ್ದಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಹದಿನೈದು ವರ್ಷ ಅವರು ತಮ್ಮದೇ ಮರದ ಕೊಂಬೆ ಕಡಿಸಲು ಬೇರೆಯವರ ಅಪ್ಪಣೆ ಕೇಳಿದರು.

ಆ ಮೇಲೆ ನಾನು ಆ ಸೆಕ್ಷನ್ನನ್ನು ತರಿಸಿಕೊಂಡು ಓದಿದೆ. ನನ್ನದು ಇಂಗ್ಲಿಷ್ ಮೇಡಂ ಬುದ್ಧಿ, ಪದಗಳ ಮೇಲೆ ಕಣ್ಣು ಹೋಯಿತು. ವಾಕ್ಯ ಶುರುವಾಗುವುದು 'ಪಸೆಸ್' ಎಂಬ ಕ್ರಿಯಾಪದದಿಂದ, ಮುಗಿಯುವುದು 'ಓನರ್' ಎಂಬ ನಾಮಪದದಲ್ಲಿ. 'ಪಸೆಸ್–ಓನ್' ಜೋಡಿಯನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೆನೋ! ಕೈಯಲ್ಲಿರುವುದು ಪಸೆಸ್, ತನ್ನದಾಗಿರುವುದು ಓನ್. ಬಾಡಿಗೆ ಸೈಕಲ್ಲು ಕೈಯಲ್ಲಿರುತ್ತದೆ, ತನ್ನದಲ್ಲ ಎಂದು ಉದಾಹರಣೆ ಕೊಡುತ್ತಿದ್ದೆ. ಎಷ್ಟೋ ತಲೆಮಾರಿನ ಹೆಂಗಸರಿಗೆ ಮನೆ, ಹೊಲ ಎಲ್ಲ ಆ ಬಾಡಿಗೆ ಸೈಕಲ್ಲಿನ ಹಾಗೆಯೇ ಇತ್ತು. ಒಂದು ವಾಕ್ಯ ಮೊದಲನೆಯ ಪದವನ್ನು ಎರಡನೆಯ ಪದಕ್ಕೆ ತಂದು ಮುಟ್ಟಿಸಿತು. ಅದಕ್ಕೆ ಹಿಂದೆ ಎಷ್ಟು ಜಗಳವಾಗಿತ್ತು! ಹಿಂದೂ ಕೋಡ್ ಮಸೂದೆ ಮುಂದೆ ಹೋಗದ್ದಕ್ಕೆ ನೊಂದು ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು.

ಇನ್ನೊಂದು ಜೋಡಿಯನ್ನು ನನಗೆ ಕಲಿಸಿದ್ದು ನಮ್ಮ ಬೆಟ್ಟದ ಸೋಲಿಗರು. ಬ್ರಿಟಿಷರ ಕಾಲದಲ್ಲಿ ಕಾಡನ್ನೆಲ್ಲ ರಿಸರ್ವ್ ಮಾಡುವಾಗ ಅಧಿಕಾರಿಗಳ ನಡುವೆ 'ರೈಟ್' ಮತ್ತು 'ಪ್ರಿವಿಲೇಜ್' ಎಂಬ ಎರಡು ಪದಗಳ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಸೌದೆ, ಜೇನು, ಮೇವು ತರುವುದು ಕಾಡಿನವರ ಹಕ್ಕೋ, ಸರ್ಕಾರ ತೋರಿದ ರಿಯಾಯಿತಿಯೋ? ಹಕ್ಕಾದರೆ ಕಿತ್ತುಕೊಳ್ಳುವುದು ಕಷ್ಟ. ರಿಯಾಯಿತಿಯಾದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಮದರಾಸಿನ ಅರಣ್ಯ ಕಾಯಿದೆ 1882ರಲ್ಲಿ ಬಂತು. ಮುಂದಿನದನ್ನು ಬೆಟ್ಟದವರು ಅನುಭವಿಸಿಯೇ ತಿಳಿದರು. ನೂರಿಪ್ಪತ್ತು ವರ್ಷಗಳಾದ ಮೇಲೆ 2006ರಲ್ಲಿ ಬಂದ ಕಾಯಿದೆಯ ಹೆಸರಿನಲ್ಲೇ 'ರೆಕಗ್ನಿಷನ್' ಎಂಬ ಪದವಿದೆ. 'ಗ್ರಾಂಟ್' ಎಂದಿಲ್ಲ. ಗ್ರಾಂಟ್ ಎಂದರೆ ಇಲ್ಲದ್ದನ್ನು ಕೊಡುವುದು, ಪೂರ್ಣಯ್ಯನವರಿಗೆ ಯಳಂದೂರನ್ನು ಕೊಟ್ಟ ಹಾಗೆ. ರೆಕಗ್ನೈಸ್ ಎಂದರೆ ಮೊದಲೇ ಇದ್ದದ್ದನ್ನು ಇದೆ ಎಂದು ಒಪ್ಪಿಕೊಳ್ಳುವುದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೂ ಪತ್ರ ಸಿಕ್ಕಿತು. ತುಳಸಮ್ಮನ ಮೊಕದ್ದಮೆಯ ಮಾತೂ ಇದೇ ಅಲ್ಲವೆ? ಅವಳಿಗೆ ಯಾರೂ ಹೊಸದಾಗಿ ಏನನ್ನೂ ಕೊಡಲಿಲ್ಲ, ಇದ್ದದ್ದನ್ನು ಒಪ್ಪಿಕೊಂಡರು.

ಹನೂರಜ್ಜಿಗೆ ಓದು ಬರುತ್ತಿರಲಿಲ್ಲ, ತಿಳಿಯಲಿಲ್ಲ ಎಂದು ಮರುಗುವ ನಾನು ಎಂಥ ಜಾಣೆ? ಈಗ ಅದನ್ನೂ ಹೇಳಿಬಿಡುತ್ತೇನೆ.

ನಮ್ಮಪ್ಪ 1988ರಲ್ಲಿ ಹೋದರು. 1956ರ ಕಾಯಿದೆಯ ಪ್ರಕಾರ ಅವರ ಸ್ವಂತ ಹಿಸ್ಸೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ನಮ್ಮಮ್ಮನಿಗೂ ಸಮಪಾಲು. ಮೂರು ವರ್ಷ ಕಳೆದ ಮೇಲೆ ಅಣ್ಣ ಒಂದು ಕಾಗದ ತಂದ. 'ಹಕ್ಕು ಖುಲಾಸೆ ಪತ್ರ'. 'ಬ್ಯಾಂಕಿನಲ್ಲಿ ಸಾಲಕ್ಕೆ ಬೇಕು, ಸುಮ್ಮನೆ ಒಂದು ಸಹಿ' ಎಂದ. ಅತ್ತಿಗೆ ಮಡಿಲು ತುಂಬಿ ಒಳ್ಳೆಯ ರೇಷ್ಮೆಸೀರೆ ಕೊಟ್ಟರು. ಕೊಳ್ಳೇಗಾಲದಲ್ಲಿ ರೇಷ್ಮೆಸೀರೆಗೆ ಬರವೇ? ನಾನು ಓದದೆ ಸಹಿ ಹಾಕಿದೆ. ಓದಿದ್ದರೂ ಹಾಕುತ್ತಿದ್ದೆನೇನೋ. ತವರಿನ ಬಾಗಿಲು ಮುಚ್ಚಿಹೋಗಬಾರದು ಎಂಬ ಆಸೆ ನಮಗೆಲ್ಲ ಇದ್ದದ್ದೇ. ಎಂ.ಎ. ಓದಿದವಳು, ಜೋಡಿಪದಗಳ ಅರ್ಥವ್ಯತ್ಯಾಸ ಹೇಳಿಕೊಡುವವಳು, ನನ್ನ ಮುಂದೆ ಇದ್ದ ಕಾಗದದ ಅರ್ಥವನ್ನೇ ನೋಡಲಿಲ್ಲ.

ಇಂಗ್ಲಿಷಿನಲ್ಲಿ ಅದಕ್ಕೆ 'ರಿಲೀಸ್' ಎನ್ನುತ್ತಾರೆ. ಎಷ್ಟು ಹಗುರವಾದ ಮಾತು! ಪಂಜರದ ಹಕ್ಕಿಯನ್ನು ಬಿಟ್ಟಂತೆ, ಸಿನಿಮಾ ಬಿಡುಗಡೆಯಾದಂತೆ. ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. ಕೈಯಲ್ಲಿ ಇಲ್ಲದ್ದನ್ನು ಬಿಡುಗಡೆ ಮಾಡಲು ಬರುವುದಿಲ್ಲ. 'ಬಿಟ್ಟುಕೊಡು' ಎಂದು ಕೇಳಿದಾಗಲೇ ಅದು ನನ್ನದು ಎಂದು ಒಪ್ಪಿಕೊಂಡಂತಾಯಿತು. ಹನೂರಜ್ಜಿಯ ಹತ್ತಿರ ಯಾರೂ ಸಹಿ ಕೇಳಲಿಲ್ಲ, ಏಕೆಂದರೆ ಅವರದು ಎಂದು ಯಾರೂ ಎಣಿಸಿರಲಿಲ್ಲ. ನನ್ನ ಹತ್ತಿರ ಸಹಿ ಕೇಳಿದರು. ಒಂದು ತಲೆಮಾರಿನಲ್ಲಿ ನಾವು ಮುಂದೆ ಬಂದದ್ದು ಇಷ್ಟೇ ದೂರ. ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ನಾನು ಪ್ರೀತಿಯಿಂದ ಕೊಟ್ಟಿದ್ದರೆ ಅದು 'ಗಿಫ್ಟ್' ಆಗುತ್ತಿತ್ತು, ನನಗೂ ಹೆಮ್ಮೆ ಇರುತ್ತಿತ್ತು. ತಿಳಿಯದೆ ಬಿಟ್ಟದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಆ ಮೇಲೆ ಕಾಯಿದೆ ಇನ್ನೂ ಮುಂದೆ ಬಂದಿದೆ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು ಎಂದಾಯಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆದರೂ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಸೀರೆಯ ಬೆಲೆ ಹೆಚ್ಚಾಗಿದೆ, ಅಷ್ಟೆ.

ಆದ್ದರಿಂದ ನಿಮಗೆ ಒಂದು ಮಾತು. ನಿಮ್ಮ ಮುಂದೆ ಯಾರಾದರೂ ಕಾಗದ ಇಟ್ಟರೆ ಕಾಫಿ ಆರಿಹೋಗಲಿ, ಪೂರ್ತಿ ಓದಿ. ಪಾಲೋ ಜೀವನಾಂಶವೋ, ದಾನವೋ ಬಿಡುಗಡೆಯೋ, ಯಾವ ಪದ ಇದೆ ನೋಡಿ. ಕೊಡಬೇಕು ಅನ್ನಿಸಿದರೆ ಕೊಡಿ. ಕೊಡುವುದು ದೊಡ್ಡ ಗುಣ. ಆದರೆ ನಿಮ್ಮದು ಎಂದು ತಿಳಿದು ಕೊಡಿ.

ಕೆಲವು ವರ್ಷಗಳ ಹಿಂದೆ ಮಾದೇಶ್ವರನ ಬೆಟ್ಟಕ್ಕೆ ಹೋಗುವಾಗ ಹನೂರು ದಾಟಿ ಆ ಹಳ್ಳಿಯ ಹತ್ತಿರ ಕಾರು ನಿಲ್ಲಿಸಿದೆವು. ಹೊಲ ಕೈಬದಲಾಗಿತ್ತು, ಹುಣಿಸೆಮರ ಇತ್ತು. ಮಗಳು ಕೆಳಗೆ ಬಿದ್ದಿದ್ದ ನಾಲ್ಕು ಕಾಯಿ ಆಯ್ದು, 'ಯಾರ ಮರ ಅಮ್ಮ, ಕೇಳಬೇಕಾ?' ಎಂದಳು. ಈಗಿನವರನ್ನು ಕೇಳಬೇಕು ಎಂದೆ. ಹೊಲದಲ್ಲಿದ್ದ ಹೆಂಗಸನ್ನು ಕೂಗಿ ಕೇಳಿದೆವು. ಆಕೆ 'ತಕ್ಕೊಳಿ ಬುಡಿ, ಅದ್ಕೇನಂತೆ' ಎಂದಳು. ಕಾರು ಹತ್ತಿದ ಮೇಲೆ ಅದು ಯಾರ ಮರವಾಗಿತ್ತು ಎಂಬ ಕಥೆಯನ್ನು ಮಗಳಿಗೆ ಮೊದಲಿಂದ ಹೇಳಲು ಶುರುಮಾಡಿದೆ.